ಕಾರ್ಟ್ರಿಡ್ಜ್ ಮೇಷ್ಟ್ರ ಕುರ್ಚಿ

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಕಾರ್ಟ್ರಿಡ್ಜ್ ಮೇಷ್ಟ್ರ ಅಂಗಡಿ ತೋರಿಸುತ್ತಿದ್ದರು. ಮೇಷ್ಟ್ರು ಅಂದರೆ ಪಾಠ ಹೇಳಿದವರೇನಲ್ಲ, ಓದಿದ್ದೇ ಏಳನೆಯ ತರಗತಿ. ಆದರೆ ಅಂಗಡಿಗೆ ಎಂಥ ದೊಡ್ಡ ಮನುಷ್ಯ ಬಂದರೂ ಅವರೆದುರು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಹಾಗಾಗಿ ಆ ಹೆಸರು ಬಂತು, ಬಂದದ್ದು ಅಂಟಿಕೊಂಡಿತು.

ಅಂಗಡಿ ಒಂದೇ ಕೋಣೆ, ನಡುವೆ ಎದೆಮಟ್ಟದ ಹಲಗೆಯ ಗೋಡೆ. ಆಚೆ ಅವರ ಹೆಂಡತಿ ಗುಂಡಿ, ದಾರ, ಲೇಸು ಮಾರುತ್ತಿದ್ದರು. ಈಚೆ ಮೇಷ್ಟ್ರ ರೆಕಾರ್ಡ್ ಪ್ಲೇಯರುಗಳು. ಪ್ಲೇಯರಿನ ತೋಳಿನ ತುದಿಯಲ್ಲಿ ಬೆರಳ ತುದಿಯಷ್ಟು ಒಂದು ಪೆಟ್ಟಿಗೆ ಇರುತ್ತದಲ್ಲ, ಅದೇ ಕಾರ್ಟ್ರಿಡ್ಜು. ಅದರಡಿಯ ಮುಳ್ಳು ರೆಕಾರ್ಡಿನ ಗೆರೆಯಲ್ಲಿ ಓಡಿದರೆ ಹಾಡು. ಅದೇ ಹಾಡು ಒಂದು ಕಾರ್ಟ್ರಿಡ್ಜಿನಲ್ಲಿ ಬೆಚ್ಚಗಿರುತ್ತದೆ, ಇನ್ನೊಂದರಲ್ಲಿ ಚುರುಕಾಗಿರುತ್ತದೆ, ಮತ್ತೊಂದರಲ್ಲಿ ಬರೀ ಸಪ್ಪೆ. ಯಾರ ಮನೆಗೆ ಯಾವುದು ಸರಿ ಎಂದು ಆರಿಸಿಕೊಡುವುದರಲ್ಲಿ ಮೇಷ್ಟ್ರನ್ನು ಬಿಟ್ಟರೆ ಬೇರೆಯವರಿಲ್ಲ.

ಅವರ ಆರಿಸುವ ರೀತಿಯೇ ಬೇರೆ. ಬಂದವರು ತಮ್ಮ ಮೆಚ್ಚಿನ ರೆಕಾರ್ಡು ತರಬೇಕು. ಮೇಷ್ಟ್ರು ಅದೊಂದನ್ನೇ ಮೂರು ಕಾರ್ಟ್ರಿಡ್ಜಿನಲ್ಲಿ ಹಾಕುತ್ತಾರೆ. ಹಾಕಿ, ಸ್ಪೀಕರಿನ ಎದುರಿಗಿರುವ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಬಂದವರು ಬಾಗಿಲ ಬಳಿಯ ಸ್ಟೂಲಿನಲ್ಲಿ, ಬೀದಿಯ ಗದ್ದಲದಲ್ಲಿ. ಅಭಿಪ್ರಾಯ ಹೇಳುವಂತಿಲ್ಲ. ನಿಮ್ಮನ್ನು ಕೇಳಿದರೆ ಬೆಲೆ ನೋಡಿ ಹೇಳ್ತೀರಿ, ಇಲ್ಲವೇ ಪಕ್ಕದ ಮನೆಯವರದ್ದು ನೋಡಿ ಹೇಳ್ತೀರಿ ಎನ್ನುತ್ತಿದ್ದರು. ಮೂರನೆಯದು ಮುಗಿದ ಮೇಲೆ ಕಣ್ಣು ಬಿಟ್ಟು ಒಂದನ್ನು ಎತ್ತಿ ಕೊಟ್ಟರೆಂದರೆ ಮುಗಿಯಿತು, ಅದೇ ತೀರ್ಪು. ಮೂವತ್ತೆಂಟು ವರ್ಷ ಈ ತೀರ್ಪಿಗೆ ಎದುರು ಹೇಳಿದವರಿಲ್ಲ.

ಮೊದಲು ಹೇಳಿದ್ದು ನರ್ಸಮ್ಮ. ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಮೊದಲ ಸಂಬಳದಲ್ಲಿ ಕೊಂಡ ಒಂದು ರೆಕಾರ್ಡು ಅವರ ಪ್ರಾಣ. ಅದರಲ್ಲಿ ಒಬ್ಬ ಹೆಂಗಸು ಪಿಟೀಲಿನ ಜೊತೆ ಹಾಡುತ್ತಾಳೆ. ಹೊಸ ಕಾರ್ಟ್ರಿಡ್ಜ್ ಒಯ್ದ ವಾರಕ್ಕೇ ವಾಪಸು ಬಂದು, ಯಾಕೋ ಹಾಡುವವಳು ಹಲ್ಲು ಕಡಿಯುತ್ತಾ ಹಾಡಿದ ಹಾಗಿದೆ ಎಂದರು. ಹೊಸದು, ಸ್ವಲ್ಪ ದಿನ ಓಡಿದರೆ ಮೆತ್ತಗಾಗುತ್ತದೆ ಎಂದು ಮೇಷ್ಟ್ರು ಕಳಿಸಿದರು. ತಿಂಗಳು ಬಿಟ್ಟು ನರ್ಸಮ್ಮ ಪ್ಲೇಯರನ್ನೇ ಆಟೋದಲ್ಲಿ ಹಾಕಿಕೊಂಡು ಬಂದರು.

ಮೇಷ್ಟ್ರು ಪುಟ್ಟ ತಕ್ಕಡಿಯಲ್ಲಿ ಮುಳ್ಳಿನ ಭಾರ ನೋಡಿದರು, ಸರಿಯಿತ್ತು. ತೋಳಿನ ಎತ್ತರ ನೋಡಿದರು, ಅದೂ ಸರಿ. ಭೂತಗನ್ನಡಿಯಲ್ಲಿ ಮುಳ್ಳನ್ನೂ ನೋಡಿದ್ದಾಯಿತು. ಆಮೇಲೆ ರೆಕಾರ್ಡು ಹಾಕಿ ಕೂತರು. ಅವರ ಮುಖ ಅರಳಿತು. ಹಿಂತಿರುಗಿ ನೋಡಿದರೆ ನರ್ಸಮ್ಮ ಎರಡೂ ಕಿವಿಯ ಮೇಲೆ ಸೆರಗು ಒತ್ತಿ ಹಿಡಿದಿದ್ದಾರೆ.

ಮೇಷ್ಟ್ರಿಗೆ ರೇಗಿತು. ಹಲಗೆಯ ಆಚೆಗೆ ಕೂಗಿ ಹೆಂಡತಿಯನ್ನು ಕರೆದರು. "ಇವಳಿಗೆ ಸಂಗೀತದ ಗಂಧಗಾಳಿ ಇಲ್ಲ. ಯಾರ ಕಡೆಗೂ ವಾಲೋದಿಲ್ಲ. ಇವಳೇ ಹೇಳ್ಲಿ."

ಆಕೆ ಗುಂಡಿ ಹೊಲಿದ ರಟ್ಟೊಂದನ್ನು ಕೈಯಲ್ಲಿ ಹಿಡಿದೇ ಬಂದು ನಿಂತರು. ಗಂಡನನ್ನೊಮ್ಮೆ, ನರ್ಸಮ್ಮನನ್ನೊಮ್ಮೆ ನೋಡಿದರು. ನನಗೇನು ಗೊತ್ತಾಗುತ್ತೆ ಎಂದು ಜಾರಿಕೊಳ್ಳಲು ನೋಡಿದರು. ಮೇಷ್ಟ್ರು ಬಿಡಲಿಲ್ಲ.

"ರೀ, ಕೀರಲು ಬರ್ತಿದೆ," ಎಂದರು ಆಕೆ. "ತಗಡು ಉಜ್ಜಿದ ಹಾಗೆ."

"ಎಲ್ಲಿ?"

"ಎಲ್ಲಾ ಕಡೆ. ಇವತ್ತು ಮಾತ್ರ ಅಲ್ಲ." ರಟ್ಟಿನ ಗುಂಡಿಯೊಂದನ್ನು ತಿರುಗಿಸುತ್ತಾ ನಿಧಾನಕ್ಕೆ ಹೇಳಿದರು. "ಹಾಸಿಗೆ ಪಕ್ಕದ ಗಡಿಯಾರ ಕೀ ಕೀ ಅಂತ ಕೂಗೋದು ನಿಮಗೆ ಕೇಳಿಸಿ ಎಷ್ಟು ದಿನ ಆಯ್ತು ಹೇಳಿ. ದಿನಾ ನಾನೇ ತಟ್ಟಿ ಎಬ್ಬಿಸ್ತೀನಿ."

"ನನ್ನ ನಿದ್ದೆ ಗಟ್ಟಿ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ, ಮೊದಮೊದಲು."

ಮೇಷ್ಟ್ರು ಮುಳ್ಳನ್ನು ಎತ್ತಿಟ್ಟರು. ಆಗ ಅವರಿಗೆ ಒಂದೊಂದೇ ಹೊಳೆಯತೊಡಗಿತು. ಎತ್ತರದ ಸಣ್ಣ ಸ್ವರಗಳು ತಮ್ಮ ಕಿವಿಯಿಂದ ಯಾವಾಗಲೋ ಹೇಳದೆ ಕೇಳದೆ ಎದ್ದುಹೋಗಿವೆ. ಹೋದದ್ದನ್ನು ತುಂಬಿಕೊಳ್ಳಲು ತಾವು ಪ್ರತಿ ಸಲ ಮೂರರಲ್ಲಿ ಅತಿ ಚೂಪಾಗಿ ನುಡಿಯುವುದನ್ನೇ ಎತ್ತಿಕೊಟ್ಟಿದ್ದಾರೆ. ತಮಗೆ ಜೇನಾದದ್ದು ತೆಗೆದುಕೊಂಡವರ ಮನೆಯಲ್ಲಿ ತಗಡು. ಮೇಷ್ಟ್ರು ಆರಿಸಿದ್ದು ತಪ್ಪಿರಲಾರದು ಎಂದು ಅವರೆಲ್ಲ ತಮ್ಮ ಕಿವಿಯನ್ನೇ ಅನುಮಾನಿಸಿ ಸುಮ್ಮನಿದ್ದಾರೆ.

ಎಷ್ಟು ದಿನದಿಂದ ಎಂದು ಕೇಳಿದರು. ಎರಡು ವರ್ಷ ಇರಬಹುದು ಎಂದರು ಹೆಂಡತಿ.

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ರೆ ಅವತ್ತೇ ಅಂಗಡಿ ಮುಚ್ತಿದ್ರಿ. ಮುಚ್ಚಿ ಏನ್ ಮಾಡ್ತಿದ್ರಿ? ಇಲ್ಲಿ ಬಂದು ನನ್ನ ಗುಂಡಿ ಪೋಣಿಸ್ತಿದ್ರಾ?"

ಮಾತಿನಲ್ಲಿ ಕೊಂಕಿತ್ತು, ಆದರೆ ಆಕೆ ಗುಂಡಿಯ ಮೇಲಿನ ಕಣ್ಣು ತೆಗೆಯಲಿಲ್ಲ. ನರ್ಸಮ್ಮನಿಗೆ ಗಂಡ ಹೆಂಡಿರ ನಡುವೆ ಸಿಕ್ಕಿಬಿದ್ದ ಹಾಗಾಯಿತು. ಇರಲಿ ಬಿಡಿ ಮೇಷ್ಟ್ರೇ, ಕೇಳ್ತಾ ಕೇಳ್ತಾ ನನಗೇ ರೂಢಿಯಾಗುತ್ತೆ ಎಂದು ರೆಕಾರ್ಡಿಗೆ ಕೈ ಚಾಚಿದರು.

"ರೂಢಿ ಆಗಬಾರದಮ್ಮ," ಎಂದರು ಮೇಷ್ಟ್ರು. ಎದ್ದು, ಬೆತ್ತದ ಕುರ್ಚಿಯ ಹಿಂದೆ ನಿಂತರು. "ಇಲ್ಲಿ ಬಂದು ಕೂತ್ಕೊಳ್ಳಿ."

ಆ ಕುರ್ಚಿಯಲ್ಲಿ ಬೇರೆಯವರು ಕೂತದ್ದನ್ನು ಹೆಂಡತಿಯೂ ಕಂಡಿರಲಿಲ್ಲ. ನರ್ಸಮ್ಮ ಅಂಚಿನಲ್ಲಿ ಕೂತರು. ಮೇಷ್ಟ್ರು ಬಾಗಿಲು ಮುಚ್ಚಿ ಬೀದಿಯ ಸದ್ದು ತಡೆದರು. ಒಂದೊಂದೇ ಕಾರ್ಟ್ರಿಡ್ಜ್ ಬಿಚ್ಚಿ, ಇನ್ನೊಂದು ಕೂರಿಸಿ, ಹಾಡು ಹಾಕಿ, ಪಕ್ಕದಲ್ಲಿ ಕೈಕಟ್ಟಿ ನಿಂತರು. ಎರಡನೆಯದಕ್ಕೆ ನರ್ಸಮ್ಮ ಕುರ್ಚಿಗೆ ಒರಗಿದರು. ಕಣ್ಣು ತಾನೇ ಮುಚ್ಚಿತು.

"ಇದು," ಎಂದರು. "ಇವಳು ಹೀಗೇ ಹಾಡ್ತಿದ್ಲು."

ಮೇಷ್ಟ್ರು ಬಗ್ಗಿ ಸ್ಪೀಕರಿಗೆ ಕಿವಿ ಕೊಟ್ಟರು. ಅವರಿಗೆ ಕೇಳಿಸಿದ್ದು ಕಂಬಳಿ ಹೊದ್ದು ಹಾಡುವ ಹೆಂಗಸು. ಪಿಟೀಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಹಾಡು ಮುಗಿಯುವವರೆಗೂ ಹಾಗೇ ಬಗ್ಗಿದ್ದು, ಆಮೇಲೆ ಸ್ಕ್ರೂ ಭದ್ರ ಮಾಡಿ ಪ್ಲೇಯರನ್ನು ಆಟೋದವರೆಗೆ ತಾವೇ ಹೊತ್ತೊಯ್ದರು.

ಒಳಗೆ ಬಂದವರೇ, ಈ ಎರಡು ವರ್ಷದಲ್ಲಿ ಕಾರ್ಟ್ರಿಡ್ಜ್ ಒಯ್ದವರನ್ನು ಹೆಂಡತಿಯೊಡನೆ ಕೂತು ನೆನಪು ಮಾಡಿಕೊಂಡರು. ಹತ್ತೊಂಬತ್ತು ಮನೆ. ಮೊದಲನೆಯದು ಎರಡು ಬೀದಿಯಾಚೆ, ಬಸ್ ಡ್ರೈವರನದ್ದು. ಮೇಷ್ಟ್ರು ಮೂರು ಕಾರ್ಟ್ರಿಡ್ಜ್, ಸ್ಕ್ರೂಡ್ರೈವರು, ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ನಡೆದರು. ಬಾಗಿಲು ತೆಗೆದ ಡ್ರೈವರು ಅವರನ್ನು ಕಂಡು ಗಾಬರಿಯಿಂದ ಸರಿದು ನಿಂತ.

"ಆವತ್ತು ನಾನು ಆರಿಸಿದ್ದು ತಪ್ಪಪ್ಪ," ಎಂದರು ಮೇಷ್ಟ್ರು. "ನಿನಗೆ ಹೆಂಗೆ ಕೇಳಿಸ್ತಿದೆ, ನೀನು ಹೇಳು."