ಅಕ್ಕನಿಗೆ ಸಿಗದ ಕುಡಿಕೆ

ನಮ್ಮಕ್ಕ ಮಣ್ಣು ಅಗೆಯುವವಳು. ಮ್ಯೂಸಿಯಮ್ಮಿನವರು ಎಲ್ಲಿ ಉತ್ಖನನ ನಡೆಸಿದರೂ ಕರಣಿ, ಬ್ರಷ್ಷು ಹಿಡಿದು ಮೊದಲು ಗುಂಡಿಗೆ ಇಳಿಯುವವಳು ಅವಳೇ. ಮೊಣಕಾಲು ಸವೆಯಿತು, ತಲೆ ನರೆಯಿತು, ಸಿಕ್ಕಿದ್ದು ಮಾತ್ರ ಬರೀ ಮಡಕೆ ಚೂರು. ಇಡಿಯಾದ ವಸ್ತು ಒಂದೂ ಅವಳ ಕೈಗೆ ಬಂದಿಲ್ಲ. ಪಕ್ಕದ ಗುಂಡಿಯವರಿಗೆ ಏನಾದರೂ ಸಿಕ್ಕಿತೋ, ಅವತ್ತು ಅವಳ ಅಡುಗೆಮನೆಯ ಪಾತ್ರೆಗಳ ಸದ್ದು ಪಕ್ಕದ ಮನೆಯ ನನಗೂ ಕೇಳುತ್ತದೆ. "ನಂಗ್ಯಾಕೆ ಹೊಟ್ಟೆಕಿಚ್ಚು? ಅವರ ಅದೃಷ್ಟ ಅವರಿಗೆ" ಅನ್ನುತ್ತಾಳೆ, ತಟ್ಟೆ ಕುಕ್ಕುತ್ತಾ.

ಬೇಸಿಗೆ ರಜೆಯಲ್ಲಿ ಮ್ಯೂಸಿಯಮ್ಮಿನ ಹಿತ್ತಲಲ್ಲೇ ಹೈಸ್ಕೂಲು ಮಕ್ಕಳಿಗೆ ಅಗೆಯುವ ಶಿಬಿರ. ಹೊಸ ಕುಡಿಕೆ, ಮಣಿ, ಗೊಂಬೆಗಳನ್ನು ಅಕ್ಕ ಮೊದಲೇ ಹೂತಿಡುತ್ತಾಳೆ. ಮಕ್ಕಳು ಹುಡುಕಿ ತೆಗೆದು, ನೋಡಿ, ಮುಂದಿನ ತಂಡಕ್ಕಾಗಿ ಮತ್ತೆ ಅಲ್ಲೇ ಮುಚ್ಚಬೇಕು. ಈ ಸಲ ನನ್ನ ಮಗಳೂ ಸೇರಿದ್ದಳು. ಮನೆಗೆ ಬಂದರೆ ಬಾಯಿ ತುಂಬ ದೊಡ್ಡಮ್ಮ, ದೊಡ್ಡಮ್ಮ. ಹೆತ್ತವಳು ಮೂಲೆಗೆ. ನನಗೂ ಒಳಗೊಳಗೇ ಉರಿಯುತ್ತಿತ್ತು ಅನ್ನಿ.

ಒಂದು ಮಧ್ಯಾಹ್ನ ಉಳಿದ ಮಕ್ಕಳು ಊಟಕ್ಕೆ ಹೋದರೂ ಇವಳು ಏಳಲಿಲ್ಲ. ಅಕ್ಕ ಹೂತದ್ದಕ್ಕಿಂತ ಕೆಳಗೆ, ಯಾರೂ ಮುಟ್ಟದ ಗಟ್ಟಿ ಮಣ್ಣಿಗೆ ಕರಣಿ ಹಾಕಿದ್ದಳು. ಅಲ್ಲೊಂದು ಕಪ್ಪು ಕುಡಿಕೆ, ಮುಚ್ಚಳ ಸಮೇತ, ಎಲ್ಲೂ ಮುಕ್ಕಾಗದೆ ಕೂತಿತ್ತು.

ಅಕ್ಕ ಬಗ್ಗಿ ನೋಡಿದಳು. ನಿಜವಾಗಿಯೂ ಹಳೆಯದೆಂದು ನೋಡಿದ ಕೂಡಲೇ ತಿಳಿಯಿತು. ಕರಣಿ ಹಿಡಿದು ವಾರವಾಗದ ಪೋರಿಗೆ ಸಿಕ್ಕಿತಲ್ಲ ಅನ್ನಿಸಿತಂತೆ.

"ಅದು ನಾನೇ ಹೂತಿದ್ದು. ಮುಚ್ಚಿಟ್ಟು ಊಟಕ್ಕೆ ಹೋಗು" ಅಂದಳು.

ಮಗಳು ಕುಡಿಕೆ ಎತ್ತಿ, ಒರೆಸಿ, ವಾಪಸು ಇಟ್ಟು ಮಣ್ಣು ಮುಚ್ಚಿದಳು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅಕ್ಕ ಅದನ್ನು ತನಗೇ ಸಿಕ್ಕಿದ ಹಾಗೆ ಬಿಡಿಸಿ ಮ್ಯೂಸಿಯಮ್ಮಿನ ಸಾಹೇಬರನ್ನು ಕರೆದಳು. ಅವರು ಕುಡಿಕೆಯ ಸುತ್ತಲಿನ ಮಣ್ಣನ್ನು ಬೆರಳಿನಿಂದ ಒತ್ತಿದರು. ಮಣ್ಣು ಸಡಿಲವಾಗಿತ್ತು.

"ಇದು ಇವತ್ತು ತುಂಬಿದ ಮಣ್ಣಲ್ವೇನಮ್ಮ? ಎಲ್ಲಿಂದಲೋ ತಂದಿಟ್ಟಿದ್ದು ಅಂತಾರೆ. ಮೊದಲು ಹೇಗಿತ್ತು ಅಂತ ನೋಡಿದವರು ಯಾರಾದ್ರೂ ಇದ್ದಾರಾ?"

ನೋಡಿದವಳು ಒಬ್ಬಳೇ. ಅಕ್ಕ ಕೈ ಮಣ್ಣನ್ನೂ ತೊಳೆಯದೆ ನಮ್ಮ ಮನೆಗೆ ಬಂದಳು. "ಸಾಹೇಬರಿಗೆ ಹೇಳು ಬಾ. ಕುಡಿಕೆ ಗಟ್ಟಿ ಮಣ್ಣಲ್ಲೇ ಇತ್ತು ಅಂತ" ಅಂದಳು ಮಗಳಿಗೆ.

"ನೀನೇ ಹೂತಿದ್ದು ಅಂದ್ಯಲ್ಲ ದೊಡ್ಡಮ್ಮ. ಮಣ್ಣು ಗಟ್ಟಿ ಅನ್ನಿಸ್ತು, ನಂಗೇ ಸರಿಯಾಗಿ ಅಗೆಯೋಕೆ ಬರಲ್ಲ ಅಂದ್ಕೊಂಡೆ."

ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು: "ನಾನು ಹೂತಿಲ್ಲ ಕಣೆ. ನಿಂಗೆ ಸಿಕ್ತಲ್ಲ ಅಂತ ಹೊಟ್ಟೆ ಉರೀತು. ಸುಳ್ಳು ಹೇಳ್ದೆ."

ಹುಡುಗಿ ಅಳುತ್ತಾಳೆ, ಜಗಳ ಆಡುತ್ತಾಳೆ ಅಂದುಕೊಂಡೆ. ಸುಳ್ಳಿನ ಮಾತು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. "ಹಾಗಾದ್ರೆ ನಿಜವಾದ್ದೇ ನಂಗೆ ಸಿಕ್ಕಿದ್ದಾ?" ಎನ್ನುತ್ತಾ ಚಪ್ಪಲಿ ಹುಡುಕಲು ಓಡಿದಳು.

ಅವಳ ಹಿಂದೆ ಹೊರಟ ಅಕ್ಕನ ಮುಖ ನೋಡಿದೆ. ತಪ್ಪು ಒಪ್ಪಿಕೊಂಡದ್ದೇನೋ ಆಗಿತ್ತು, ಹೊಟ್ಟೆಯ ಉರಿ ಮಾತ್ರ ಇನ್ನೂ ಆರಿರಲಿಲ್ಲ.