ವಿಮಾನದ ಸ್ವಿಚ್ಚು ಉಲ್ಟಾ ಇರಲಿಲ್ಲ

ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಈವರೆಗೆ ಬರೆದದ್ದೆಲ್ಲ ಅರ್ಜಿಗಳು. ಸಿಂದಗಿಯಲ್ಲಿ ಮೋಟಾರು ವೈಂಡಿಂಗ್ ಹಾಗೂ ಮನೆ ವೈರಿಂಗ್ ಕೆಲಸ ಮಾಡುವ ನನಗೆ, ಗಿರಾಕಿಗಳ ಪರವಾಗಿ ಹೊಸ ಸಂಪರ್ಕ ಕೋರಿ, ಮೀಟರು ಬದಲಾವಣೆ ಕೋರಿ, ಸುಟ್ಟ ಟ್ರಾನ್ಸ್‌ಫಾರ್ಮರ್ ದುರಸ್ತಿ ಕೋರಿ ಬರೆದು ಬರೆದು ಕೈಗೆ ಅದೇ ರೂಢಿಯಾಗಿದೆ. ಈ ಬರಹದಲ್ಲಿಯೂ ಆ ರೂಢಿ ಕಂಡುಬಂದಲ್ಲಿ ಮನ್ನಿಸಬೇಕು. ಬರೆಯುವ ರೀತಿಗೆ ಮಾತ್ರ ಈ ಕ್ಷಮೆ ಕೇಳುತ್ತಿದ್ದೇನೆ, ಬರೆದಿರುವ ವಿಷಯಕ್ಕಲ್ಲ. ವಿಮಾನಕ್ಕೆ ನಾನು ಸ್ವಿಚ್ಚುಗಳನ್ನು ಉಲ್ಟಾ ಕೂಡಿಸಿದೆನೆಂದು ಮೂರು ತಾಲ್ಲೂಕುಗಳಲ್ಲಿ ಹಬ್ಬಿರುವ ಮಾತು ಸುಳ್ಳು.

ಇಂಡಿ ತಾಲ್ಲೂಕಿನ ತಾಂಬಾದಲ್ಲಿ ದ್ರಾಕ್ಷಿ ಬೆಳೆಯುವವರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಗೌಡರು ಎಂದೇ ಕರೆಯುತ್ತಾರೆ. ಅವರ ತೋಟದ ಬೋರ್‌ವೆಲ್ ಮೋಟಾರುಗಳನ್ನು ಮೊದಲು ನಮ್ಮ ಅಬ್ಬಾ ಕಟ್ಟುತ್ತಿದ್ದರು, ಈಗ ನಾನು ಕಟ್ಟುತ್ತೇನೆ. ಸದರಿ ಗೌಡರು ಒಣದ್ರಾಕ್ಷಿ ಮಾಡುವ ತಮ್ಮ ಶೆಡ್ಡಿನಲ್ಲಿ, ವಿದೇಶದಿಂದ ನಕ್ಷೆ ತರಿಸಿಕೊಂಡು, ಎರಡು ಆಸನಗಳ ವಿಮಾನವೊಂದನ್ನು ತಮ್ಮ ಕೈಯಾರೆ ಕಟ್ಟುತ್ತಿದ್ದಾರೆ. ಉದ್ದನೆಯ ಶೆಡ್ಡು, ಸುತ್ತ ಹಸಿರು ನೆರಳುಪರದೆ, ರೆಕ್ಕೆ ಇಡಲು ಹೇಳಿ ಮಾಡಿಸಿದಂತಿದೆ. ಹಣ್ಣಿನ ಕಾಲ ಬಂತೆಂದರೆ ಮಾತ್ರ ರೆಕ್ಕೆಗಳನ್ನು ಬಿಚ್ಚಿ ಅಂಗಳಕ್ಕೆ ಸಾಗಿಸಬೇಕು. ಹಾರಿಸುವ ಅನುಮತಿ ಇನ್ನೂ ಬಂದಿಲ್ಲ. ಬಂದ ಮೇಲೆ ಮೊದಲ ಹಾರಾಟವನ್ನು ನಿವೃತ್ತ ಪೈಲಟರೊಬ್ಬರು ಮಾಡತಕ್ಕದ್ದೆಂದು, ಆಮೇಲೆ ಗೌಡರು ಅವರಿಂದ ಕಲಿಯತಕ್ಕದ್ದೆಂದು ತೀರ್ಮಾನವಾಗಿದೆ. ವಿಮಾನದ ದೀಪ ಮತ್ತು ವಿದ್ಯುತ್ತಿನ ಕೆಲಸವನ್ನು ಗೌಡರು ನನಗೆ ವಹಿಸಿದರು.

ಆ ಕೆಲಸಕ್ಕೆ ನಾನು ಹೆದರಿದ್ದೆನೆಂಬುದು ನಿಜ. ಹೆದರಿದ್ದರಿಂದಲೇ ನಕ್ಷೆಯ ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ಓದಿದೆ, ತಿಳಿಯದ ಕಡೆ ಪೈಲಟರಿಗೆ ಫೋನ್ ಮಾಡಿ ಕೇಳಿದೆ. ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲ ರೆಕ್ಕೆಗೆ ಹಸಿರು, ಬಾಲಕ್ಕೆ ಬಿಳಿ. ಎದುರಿಗೆ ಬರುವವನು ಇವುಗಳನ್ನು ನೋಡಿಯೇ ನಮ್ಮ ಮುಖ ಎತ್ತ ಇದೆ ಎಂದು ತಿಳಿಯುತ್ತಾನೆ. ಇವಲ್ಲದೆ ಹಗಲಿನಲ್ಲಿಯೂ ದೂರಕ್ಕೆ ಕಾಣಲೆಂದು ಮಿಣುಕುವ ದೀಪವೊಂದಿದೆ. ಒಂದು ದೀಪ ಕೆಟ್ಟರೆ ಉಳಿದವು ಆರಬಾರದೆಂದು ಪ್ರತಿಯೊಂದಕ್ಕೂ ಬೇರೆ ಫ್ಯೂಜು.

ಇಷ್ಟರಲ್ಲಿ ಗೌಡರ ಮಗಳ ಗಂಡ ಬಂದರು; ಎಲ್ಲರೂ ಅವರನ್ನು ಗೌರವದಿಂದ ಅಳಿಯಂದಿರು ಎನ್ನುತ್ತಾರೆ. ಬಸವನ ಬಾಗೇವಾಡಿಯಲ್ಲಿ ಕಾರಿಗೆ ಸೀಟು ಕವರು, ಹಾರ್ನು, ಬಣ್ಣದ ದೀಪ ಹಾಕುವ ಅಂಗಡಿ ಅವರದು. ಒಂದು ಡಬ್ಬಿ ತುಂಬ ಚಪ್ಪಟೆ ಸ್ವಿಚ್ಚು ತಂದಿದ್ದರು. ಎಲ್ಲವೂ ಒಂದೇ ಆಕಾರ, ಒತ್ತಿದರೆ ಒಳಗೆ ನೀಲಿ ಬೆಳಕು.

"ಮಾವಾರ, ಇವನ್ನ ಹಚ್ಚೂಣ್ರಿ. ರೆಕ್ಕಿ ಕೆಳಗೂ ಒಂದು ನೀಲಿ ಪಟ್ಟಿ ಎಳದ್ರ ಮಸ್ತ್ ಕಾಣತೈತಿ."

"ಇದು ಮದವಿ ಗಾಡಿ ಅಲ್ರಿ," ಎಂದೆ.

"ಮಿಸ್ತ್ರಿ, ನಿಮಗ ಫ್ಯಾಷನ್ ತಿಳಿಯೂದಿಲ್ಲ. ವೈರ್ ಕೂಡಸೂದು ನಿಮ್ಮ ಕೆಲಸ. ಯಾವ ಬಟನ್ ಅನ್ನೂದು ನಮ್ಗ ಬಿಡ್ರಿ."

ಯಾವ ಸ್ವಿಚ್ಚು ಎಂಬುದು ಅಂದಚೆಂದದ ಪ್ರಶ್ನೆಯೆಂದು ಅವರು ನಂಬಿದ್ದರು. ವಾದಿಸದೆ, ಮಧ್ಯಾಹ್ನ ಹನ್ನೆರಡಕ್ಕೆ ವಿಮಾನವನ್ನು ಬಿಸಿಲಿಗೆ ತಳ್ಳಿಸಿ ಅವರನ್ನು ಆಸನದಲ್ಲಿ ಕೂಡಿಸಿದೆ. ಅವರದೇ ಎರಡು ಸ್ವಿಚ್ಚುಗಳಿಗೆ ಬ್ಯಾಟರಿ ಕೊಟ್ಟು, ಯಾವುದು ಹತ್ತಿದೆ ಹೇಳಿರೆಂದೆ. ನಮ್ಮ ಬಿಸಿಲಿನ ಮುಂದೆ ಆ ನೀಲಿ ಬೆಳಕು ಇದೆಯೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಕೈ ಅಡ್ಡ ಹಿಡಿದು, ಬಗ್ಗಿ ನೋಡಿ, ಕಡೆಗೆ ಕೆಟ್ಟುಹೋಗಿರಬೇಕು ಎಂದರು. ಎರಡೂ ಹತ್ತಿಯೇ ಇದ್ದವು. ಹಾಗಾಗಿ ಕಡ್ಡಿಯಂತೆ ಎದ್ದು ನಿಲ್ಲುವ ಸ್ವಿಚ್ಚುಗಳೇ ನಿಶ್ಚಯವಾದವು. ಕಣ್ಣು ಹೊರಗಿರುವಾಗ ಬೆರಳಿಗೆ ಗೊತ್ತಾಗಲೆಂದು ಎಂಜಿನ್ನಿಗೆ ಪೆಟ್ರೋಲ್ ಏರಿಸುವ ಪಂಪಿನ ಸ್ವಿಚ್ಚಿಗೆ ರಬ್ಬರ್ ಟೊಪ್ಪಿಗೆ ತೊಡಿಸಿದೆ. ಎಂಜಿನ್ನಿಗೆ ಕಿಡಿ ಕೊಡುವ ಎರಡು ಸ್ವಿಚ್ಚುಗಳನ್ನು ಉಳಿದವುಗಳಿಂದ ದೂರ, ಎಡಗಡೆ ಜೋಡಿಯಾಗಿ ಇಟ್ಟೆ. ಅವೆರಡನ್ನೂ ಬಂದ್ ಮಾಡಿದರೆ ಎಂಜಿನ್ ನಿಲ್ಲುತ್ತದೆ.

ಇನ್ನು ಮುಖ್ಯ ವಿಷಯ. ನಮ್ಮ ಮನೆಗಳಲ್ಲಿ ಸ್ವಿಚ್ಚನ್ನು ಕೆಳಗೆ ಮಾಡಿದರೆ ಚಾಲೂ, ಮೇಲೆ ಮಾಡಿದರೆ ಬಂದ್. ಸದರಿ ನಕ್ಷೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮೇಲೆ ಚಾಲೂ, ಕೆಳಗೆ ಬಂದ್ ಎಂದು ಬಾಣದ ಗುರುತಿತ್ತು. ಪೈಲಟರೂ ಅದನ್ನೇ ಹೇಳಿದರು. ತಗಡಿಗೆ ತೂತು ಕೊರೆಯುವ ಮೊದಲು ನಾನು ಇದನ್ನು ಬಿಳಿ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು ಗೌಡರ ಕೈಗೆ ಕೊಟ್ಟೆ. ಅವರು ರೆಕ್ಕೆಗೆ ಬಟ್ಟೆ ಅಂಟಿಸುತ್ತಿದ್ದರು.

"ಏನೈತೋ ಇದರಾಗ?"

"ಓದ್ರಿ ಗೌಡ್ರ. ಸ್ವಿಚ್ ಮ್ಯಾಲ ಮಾಡಿದ್ರ ಚಾಲೂ ಅಂತ ಬರದೇನಿ."

"ನೀ ಬರದಿ ಅಂದ್ರ ಬರೊಬ್ಬರಿನ ಇರತೈತಿ. ತಾ ಪೆನ್ನು." ಅಂಟು ಹತ್ತಿದ ಕೈಯಿಂದಲೇ ಸಹಿ ಹಾಕಿದರು. ಹೆಬ್ಬೆರಳಿನ ಗುರುತು ಆ ಹಾಳೆಯ ಮೇಲೆ ಇಂದಿಗೂ ಇದೆ.

ಮೊದಲ ಸಲ ಎಂಜಿನ್ ಚಾಲೂ ಮಾಡಿದ ದಿನ ಶೆಡ್ಡಿನ ಮುಂದೆ ಐವತ್ತು ಜನ ಸೇರಿದ್ದರು. ವಿಮಾನದ ಬಾಲಕ್ಕೆ ಹಗ್ಗ ಬಿಗಿದು ಟ್ರ್ಯಾಕ್ಟರಿಗೆ ಕಟ್ಟಿದ್ದೆವು, ಗಾಲಿಗಳಿಗೆ ಕಲ್ಲು ಕೊಟ್ಟಿದ್ದೆವು. ಒಳಗೆ ಗೌಡರು, ಎಡ ರೆಕ್ಕೆಯ ಆಚೆ ನಾನು. ಎಂಜಿನ್ ಮೊದಲ ಯತ್ನಕ್ಕೇ ಹಿಡಿಯಿತು. ಆದರೆ ಶೆಡ್ಡಿನ ಕಡೆಗಿದ್ದ ಮೂತಿಯ ಪಂಖ ಎಳೆದ ಗಾಳಿಗೆ ಶೆಡ್ಡಿನ ನೆರಳುಪರದೆಯ ಒಂದು ಮಗ್ಗುಲು ಕಿತ್ತು ಹಾರಾಡತೊಡಗಿತು. ಅಳಿಯಂದಿರು ಓಡಿಹೋಗಿ ಅದರ ಅಂಚು ಹಿಡಿದುಕೊಂಡರು. ಪರದೆ ಸುತ್ತಿಕೊಂಡು ಅವರನ್ನು ಪಂಖದ ಕಡೆಗೆ ಎಳೆಯಿತು.

ನಾನು ಎರಡೂ ಕೈ ಬೀಸಿ "ಬಂದ್ ಮಾಡ್ರಿ!" ಎಂದು ಕೂಗಿದೆ. ಗೌಡರ ಎಡಗೈ ಸರಿಯಾಗಿ ಆ ಎರಡು ಸ್ವಿಚ್ಚುಗಳಿಗೇ ಹೋಯಿತು. ಗಾಜಿನೊಳಗಿಂದ ಸ್ಪಷ್ಟವಾಗಿ ಕಂಡೆ. ಚಾಲೂ ಮಾಡುವಾಗ ಮೇಲೆ ಮಾಡಿದ್ದವರೇ ಗಾಬರಿಯಲ್ಲಿ ಮನೆಯ ರೂಢಿಯಂತೆ ಸ್ವಿಚ್ಚುಗಳನ್ನು ಮೇಲಕ್ಕೆ ಒತ್ತಿದರು. ಅವು ಮೇಲೆಯೇ ಇದ್ದವು. ಮತ್ತಷ್ಟು ಬಲವಾಗಿ ಮೇಲಕ್ಕೆ ಒತ್ತಿದರು. "ಕೆಳಗ! ಕೆಳಗ ಮಾಡ್ರಿ ಗೌಡ್ರ!" ಎಂದು ನಾನು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಪರದೆ ಅಳಿಯಂದಿರ ಕೈಯಿಂದ ಕಿತ್ತುಕೊಂಡು ಹೋಗಿ ಪಂಖಕ್ಕೆ ಸುತ್ತಿತು, ಕಟ್ಟಿಗೆಯ ಪಂಖದ ತುದಿ ಸಿಡಿಯಿತು, ಎಂಜಿನ್ ತಾನಾಗಿ ನಿಂತಿತು. ಅಳಿಯಂದಿರ ಅಂಗೈ ಸುಲಿದಿತ್ತು. ಒಂದು ಮಾರು ಆಚೆ ಕೈ ಹೋಗಿದ್ದರೆ ಏನಾಗುತ್ತಿತ್ತೆಂದು ಬರೆಯಲು ನನ್ನಿಂದಾಗದು.

ಕೆಳಗೆ ಬಿದ್ದಿದ್ದ ಅಳಿಯಂದಿರು ಎದ್ದು ನಿಂತು ಆಡಿದ ಮೊದಲ ಮಾತು: "ಮಿಸ್ತ್ರಿ ಉಲ್ಟಾ ಕೂಡಿಸ್ಯಾನ!"

ಐವತ್ತು ಜನ ಅದನ್ನು ಕೇಳಿದರು. ಗೌಡರು ಒಳಗೇ ಕೂತಿದ್ದರು, ತಾವು ಸಹಿ ಹಾಕಿದ ಹಾಳೆಯ ಮಾತು ಎತ್ತಲಿಲ್ಲ. ನನ್ನ ಕೋಪ ಇರುವುದು ಆ ಮೌನದ ಮೇಲೆಯೂ. ಮರುದಿನ ಸಿಂದಗಿಯ ಚಹಾದಂಗಡಿಯಲ್ಲಿ ನನಗೆ "ಉಲ್ಟಾ ಮಿಸ್ತ್ರಿ" ಎಂಬ ಹೆಸರು ಬಿದ್ದಿತ್ತು. ವಾರದೊಳಗೆ ಮುದ್ದೇಬಿಹಾಳದಿಂದ ಫೋನ್ ಬಂತು. ಅಲ್ಲಿ ಹೊಸ ಮನೆಯೊಂದರ ವೈರಿಂಗ್ ನಾನೇ ಮಾಡುವುದೆಂದು ಮಾತಾಗಿತ್ತು.

"ವಿಮಾನಕ್ಕ ಉಲ್ಟಾ ಕೂಡಿಸಿದವ್ರು ನೀವ ಏನ್ರಿ?"

"ಉಲ್ಟಾ ಇರಲಿಲ್ರಿ. ನಕ್ಷೆದಾಗ ಹಂಗ ಐತ್ರಿ."

"ಆತು ಬಿಡ್ರಿ. ನಮ್ಮ ಮನ್ಯಾಗ ಸಣ್ಣ ಹುಡುಗರು ಅದಾವು. ಬ್ಯಾರೆದವರಿಗೆ ಹೇಳೇವಿ."

ಇಷ್ಟು ವರ್ಷ ನಾನು ಕೂಡಿಸಿದ ಬೋರ್ಡುಗಳಲ್ಲಿ ಒಂದರ ಮೇಲೂ ದೂರು ಬಂದಿಲ್ಲವೆಂದು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಸಹಿಯಿರುವ ಹಾಳೆಯನ್ನು ಹಿಡಿದು ತಾಂಬಾಕ್ಕೆ ಹೋದೆ. ಅಳಿಯಂದಿರು ಕೈಗೆ ಪಟ್ಟಿ ಕಟ್ಟಿಕೊಂಡು ಅಲ್ಲಿಯೇ ಕೂತಿದ್ದರು.

"ಸ್ವಿಚ್ ತಿರುವಿ ಹಾಕ್ರಿ, ಮುಗೀತು," ಎಂದರು. "ಮನ್ಯಾಗ ಇದ್ದಂಗ ಇರಲಿ."

"ಹಾಕೂದಿಲ್ರಿ. ಮೊದಲ ಹಾರಸೂವ್ರು ಪೈಲಟರು. ಅವರ ಕೈಗೆ ಮ್ಯಾಲ ಅಂದ್ರ ಚಾಲೂ. ಇಲ್ಲಿ ನಿಮಗ ಆದದ್ದು ಆಕಾಶದಾಗ ಅವರಿಗೆ ಆಗತೈತಿ. ಮ್ಯಾಲಿಂದ ಕೆಳಗ ಬಂದು ಯಾರನ್ನ ಬೈಬೇಕ್ರಿ ಅವರು?"

ಗೌಡರು ಹಾಳೆಯನ್ನು ಇಸಿದುಕೊಂಡು, ಸಹಿ ಹಾಕಿದ ಎಷ್ಟೋ ದಿನಗಳ ಮೇಲೆ, ಮೊದಲ ಬಾರಿಗೆ ಓದಿದರು. ತಮ್ಮ ಎಡಗೈ ಎತ್ತಿ, ಸ್ವಿಚ್ಚು ಒತ್ತಿದಂತೆ ಗಾಳಿಯಲ್ಲಿಯೇ ಮೇಲೆ ಕೆಳಗೆ ಆಡಿಸಿ ನೋಡಿದರು.

"ಮಿಸ್ತ್ರಿ, ಸ್ವಿಚ್ ತಿರುವೂದು ಬ್ಯಾಡ. ಕೈ ರೂಢಿ ತಿರುವಬೇಕು. ನಮ್ಮ ಮನಿ ಬೋರ್ಡ್ ಎಲ್ಲಾ ಉಲ್ಟಾ ಮಾಡು."

ಅವರು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಈ ಸಲ ಒಪ್ಪಿಗೆ ಪತ್ರ ಬರೆದು, ಗಟ್ಟಿಯಾಗಿ ಓದಿಸಿ, ಅನಂತರವೇ ಸಹಿ ತೆಗೆದುಕೊಂಡೆ. ಎರಡು ದಿನ ಕೂತು ಪಡಸಾಲೆ, ಮಲಗುವ ಕೋಣೆ, ಬಚ್ಚಲು, ದನದ ಕೊಟ್ಟಿಗೆ ಹೀಗೆ ಒಂದೊಂದೇ ಸ್ವಿಚ್ಚನ್ನು ಬಿಚ್ಚಿ ತಲೆಕೆಳಗಾಗಿ ಕೂಡಿಸಿದೆ. ವೃತ್ತಿಯಲ್ಲಿ ನಾನು ನಿಜವಾಗಿ ಉಲ್ಟಾ ಮಾಡಿದ ಕೆಲಸ ಇದೊಂದೇ ಎಂದು ಈ ಮೂಲಕ ದಾಖಲಿಸುತ್ತೇನೆ. ದೇವರ ಕೋಣೆಯ ಮುಂದೆ ಗೌಡರ ತಾಯಿ ಅಡ್ಡ ನಿಂತರು.

"ಇದನ್ನ ಮುಟ್ಟಿದ್ರ ನೋಡು ಮತ್ತ! ಅವ ಹಾರೂದಿದ್ರ ಹಾರಲಿ. ನಾ ಎಲ್ಲಿ ಹಾರಬೇಕಾಗೇತಿ?"

"ಇಲ್ರಿ ಅವ್ವಾರ, ಇದೊಂದು ಬಿಡತೇನಿ."

"ನಿನ್ನೆ ಲೈಟ್ ಹಚ್ಚಾಕ ಹೋಗಿ ಮೂರು ಸಲ ಕತ್ತಲದಾಗ ನಿಂತೇನಿ. ನೀ ಛಲೋ ಮಿಸ್ತ್ರಿ ಅಂತಿದ್ದೆ."

ಅವರ ಆ ಮಾತು ಮುದ್ದೇಬಿಹಾಳದ ಫೋನಿಗಿಂತ ಹೆಚ್ಚು ನೋಯಿಸಿತು.

ಹೊಸ ಪಂಖ ಬಂದ ಮೇಲೆ ಎರಡನೆಯ ಸಲ ಎಂಜಿನ್ ಚಾಲೂ ಮಾಡಿದೆವು. ನೆರಳುಪರದೆಯನ್ನು ಮೊದಲೇ ಬಿಚ್ಚಿಸಿದ್ದೆ. ಯಾವಾಗ ಎಂದು ಮೊದಲೇ ಹೇಳದೆ, ನಡುವೆಯೇ ಒಮ್ಮೆಲೇ ಎರಡೂ ಕೈ ಬೀಸಿದೆ. ಗೌಡರ ಎಡಗೈ ಹೋಯಿತು, ಕೆಳಗೆ ಇಳಿಯಿತು. ಎಂಜಿನ್ ನಿಂತಿತು. ಸೇರಿದ್ದ ಜನರಿಗೆ ಏನೂ ಅನಿಸಲಿಲ್ಲ. "ಇಷ್ಟ ಏನು?" ಎಂದು ಒಬ್ಬರು ಕೇಳಿದರು. ಎಲ್ಲರೂ ನೋಡುತ್ತಿದ್ದುದು ಇನ್ನೂ ಮಿಣುಕುತ್ತಿದ್ದ ದೀಪವನ್ನು.

ಗೌಡರು ಇಳಿದ ಮೇಲೆ ಅಳಿಯಂದಿರು ಫೋಟೋ ತೆಗೆಸಿಕೊಳ್ಳಲು ಹತ್ತಿ ಕೂತರು. ದೀಪ ಆರಿಸಿ ಬರ್ರಿ ಎಂದೆವು. ಅವರು ಸ್ವಿಚ್ಚನ್ನು ಮೇಲಕ್ಕೆ ಒತ್ತಿದರು. ದೀಪ ಮಿಣುಕುತ್ತಲೇ ಇತ್ತು. ಮತ್ತೆ ಮೇಲಕ್ಕೆ ಒತ್ತಿದರು. ಗಾಜಿನೊಳಗಿಂದ ನನ್ನ ಕಡೆ ನೋಡಿದರು. ನಾನು ನಿಂತಲ್ಲಿಂದ ಕದಲಲಿಲ್ಲ.

"ಕೆಳಗ ಮಾಡ್ರಿ ಅಳಿಯಾರ," ಎಂದು ಗೌಡರು ಎಲ್ಲರಿಗೂ ಕೇಳುವಂತೆ ಕೂಗಿದರು. "ಮಿಸ್ತ್ರಿ ಬರೊಬ್ಬರಿ ಕೂಡಿಸ್ಯಾನ. ಉಲ್ಟಾ ಇರೂದು ನಮ್ಮ ಕೈ."

ಜನ ನಕ್ಕರು. ಅಳಿಯಂದಿರೂ ನಕ್ಕರು. ಆದರೆ ಮೊದಲಿನ ಮಾತನ್ನು ಒಂದೇ ವಾರದಲ್ಲಿ ಮುದ್ದೇಬಿಹಾಳಕ್ಕೆ ಮುಟ್ಟಿಸಿದವರಲ್ಲಿ ಒಬ್ಬರೂ ಈ ಮಾತನ್ನು ಅಲ್ಲಿಗೆ ತಿಳಿಸಿದ್ದು ಈವರೆಗೆ ನನ್ನ ಗಮನಕ್ಕೆ ಬಂದಿಲ್ಲ. ಆದ ಕಾರಣ ನಾನೇ ಬರೆದಿದ್ದೇನೆ.