ಮೇಸ್ತ್ರಿಯ ಮೇಜಿನೆದುರಿನ ಒಡೆದ ನಳಿಗೆ

ನನ್ನ ಸೋದರಮಾವ ಮೂವತ್ತು ವರ್ಷ ದುಡಿದ ಕೋಣೆಗೆ ಒಂದೇ ಬಾಗಿಲು. ಅದರ ಬೀಗ ಹೊರಗಡೆ. ಬಂದೂಕಿನಂಗಡಿಯ ನೆಲಮಾಳಿಗೆ ಅದು. ಬಿಚ್ಚಿದ ಕೋವಿಗಳು ಮೇಜಿನ ಮೇಲಿರುವಷ್ಟು ಹೊತ್ತು ಸರಳುಬಾಗಿಲಿಗೆ ಬೀಗ ಬಿದ್ದಿರಬೇಕೆಂಬುದು ಅಂಗಡಿಯ ನಿಯಮ. ಬೀಗದಕೈ ಯಜಮಾನರ ಬಳಿ. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಸಂಜೆ ಐದಕ್ಕೆ ಕರೆಗಂಟೆ ಒತ್ತಿದಾಗಲೇ ಹೊರಗೆ. ಶನಿವಾರ ನಾನು ಊಟದ ಡಬ್ಬಿಯನ್ನು ಸರಳುಗಳ ನಡುವೆ ತೂರಿಸಿ, ಮೆಟ್ಟಿಲ ಮೇಲೆ ಕುಳಿತು ಮಾತನಾಡಿ ಬರುತ್ತಿದ್ದೆ.

ಕೋವಿಗಳ ವಿಷಯ ನನಗೆ ಗೊತ್ತಿರುವುದೆಲ್ಲ ಆ ಮೆಟ್ಟಿಲ ಮೇಲೆ ಕಲಿತದ್ದು. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡುಗಳನ್ನು ಮಾಡಿದರೆ, ಅಂಥ ಒಂದು ಗುಂಡು ಹಿಡಿಸುವ ನಳಿಗೆ ಹನ್ನೆರಡು ಬೋರಿನದು. ಇಪ್ಪತ್ತು ಮಾಡಿದರೆ ಇಪ್ಪತ್ತು ಬೋರಿನದು. "ಅಂಕಿ ಏರಿದ ಹಾಗೆ ಹೊಟ್ಟೆ ಇಳಿಯುತ್ತೆ ಕಣೋ, ನಿಮ್ಮಪ್ಪನ ವಯಸ್ಸಿನ ಉಲ್ಟಾ" ಎಂದಿದ್ದರು ಮಾವ. ಇಪ್ಪತ್ತರ ತೋಟಾವನ್ನು ಕೈತಪ್ಪಿ ಹನ್ನೆರಡರ ನಳಿಗೆಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಬರೀ ಟಕ್ ಎನ್ನುತ್ತದೆ. ತೋಟಾ ಹಾಕುವುದನ್ನೇ ಮರೆತೆನೆಂದು ಹಿಂದಿನಿಂದ ಹನ್ನೆರಡರದ್ದನ್ನು ಹಾಕಿ ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಇಪ್ಪತ್ತರ ತೋಟಾಗಳಿಗೆ ಹಳದಿ ಬಣ್ಣ ಕೊಟ್ಟಿರುವುದು ಈ ಭಯದಿಂದಲೇ. ಮಾವ ಯಾವ ನಳಿಗೆ ಕೈಗೆ ಬಂದರೂ ಮೊದಲು ಗವಾಕ್ಷಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದರು. "ಬೆಳಕು ಕಂಡ್ರೆ ಬಂದೂಕು, ಕಾಣದಿದ್ರೆ ಬಾಂಬು."

ಸಿಡಿದ ಮೇಲೆ ಅವರು ಒಳಗೆ ನೋಡದೆ ಬಿಟ್ಟ ನಳಿಗೆ ಒಂದೇ. ಅದು ಮೇಜಿನೆದುರಿನ ಗೋಡೆಯಲ್ಲಿ, ಕೈಗೆಟುಕದ ಎತ್ತರದಲ್ಲಿ ತಂತಿಗೆ ತೂಗುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಮಾವ ಅದರ ನಗ್ಗು ಎತ್ತಿ, ಒಳಗೆ ಉಜ್ಜಿ ನಯ ಮಾಡಿ ಕೊಟ್ಟಿದ್ದರು. ಪರೀಕ್ಷಿಸಲೆಂದು ಯಜಮಾನರೇ ಹಾರಿಸಿದಾಗ ಅದು ಸಿಡಿದು ಅವರ ಎಡಗೈಯ ಮೂರು ಬೆರಳು ಹೋದವು. ಉಜ್ಜಿ ಉಜ್ಜಿ ಲೋಹ ತೆಳುವಾಯಿತು, ತಪ್ಪು ತನ್ನದೇ ಎಂದುಕೊಂಡರು ಮಾವ. ಯಜಮಾನರು ದೂರು ಕೊಡಲಿಲ್ಲ. ನಳಿಗೆಯನ್ನು ಅಲ್ಲಿ ತೂಗುಹಾಕಿಸಿದರು, ಅಷ್ಟೆ.

ಅತ್ತೆ ತೀರಿಕೊಂಡ ಮೇಲೆ ಮಗಳು ಕರೆಯುತ್ತಲೇ ಇದ್ದಳು. ಮಾವನಿಗೂ ಹೋಗಿ ಅವಳ ಜೊತೆ ಇರಬೇಕೆಂಬ ಆಸೆ. ವರ್ಷಕ್ಕೊಮ್ಮೆ ಬಾಯಿ ಬಿಡುತ್ತಿದ್ದರು.

"ಯಜಮಾನ್ರೇ, ಮಗಳು ಬಾ ಅಂತಿದಾಳೆ. ಮೊಮ್ಮಗು ನಡೆಯೋಕೆ ಶುರು ಮಾಡಿದೆಯಂತೆ."

"ಹೋಗು ಮೇಸ್ತ್ರಿ. ನಿನ್ನನ್ನ ಕಟ್ಟಿಹಾಕಿದೋರು ಯಾರು?" ಎನ್ನುತ್ತ ಯಜಮಾನರು ಉಳಿದೆರಡು ಬೆರಳಿನಿಂದ ಗಲ್ಲ ಕೆರೆದುಕೊಳ್ಳುತ್ತಿದ್ದರು. ಮಾವ ಮರುದಿನ ಒಂಬತ್ತಕ್ಕೆ ಹಾಜರಾಗುತ್ತಿದ್ದರು. ನಡೆಯತೊಡಗಿದ್ದ ಆ ಮೊಮ್ಮಗು ಈಗ ಶಾಲೆಗೆ ಹೋಗುತ್ತದೆ.

ಕಳೆದ ತಿಂಗಳು ಆ ಗೋಡೆಗೆ ಸುಣ್ಣ ಬಳಿಯಬೇಕಾಯಿತು. ಸುಣ್ಣದವನು ನಳಿಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹೋಗಿದ್ದ. ಶನಿವಾರ ನಾನು ಡಬ್ಬಿ ತೂರಿಸುವ ಹೊತ್ತಿಗೆ ಮಾವ ಅದರ ಧೂಳು ಒರೆಸುತ್ತಿದ್ದರು. ಒರೆಸಿದವರೇ, ಕೈಯ ಅಭ್ಯಾಸ, ಬೆಳಕಿಗೆ ಹಿಡಿದರು. ಬಹಳ ಹೊತ್ತು ಇಳಿಸಲಿಲ್ಲ. ಆಮೇಲೆ ತೆಳ್ಳನೆಯ ಕಡ್ಡಿಯೊಂದನ್ನು ಒಳಗೆ ಹಾಕಿ ಕೆರೆದರು. ಸೀಳು ಶುರುವಾದಲ್ಲಿ ಹಿತ್ತಾಳೆಯ ಉಂಗುರವೊಂದು ಲೋಹಕ್ಕೆ ಬೆಸೆದುಕೊಂಡು ಹೊಳೆಯಿತು. ಹನ್ನೆರಡು ಬೋರಿನ ಆ ನಳಿಗೆಯೊಳಗೆ ಅದು ಇಪ್ಪತ್ತರ ತೋಟಾದ ಬುಡದ ಅಂಚು.

ಅವರು ಕರೆಗಂಟೆ ಒತ್ತಿದರು. ಯಜಮಾನರು ಇಳಿದು ಬಂದರು.

"ಏನು ಮೇಸ್ತ್ರಿ, ಇನ್ನೂ ಒಂದೂವರೆ."

"ಈ ಕಡೆಯಿಂದ ನೋಡಿ ಯಜಮಾನ್ರೇ."

"ನಾನೇನು ನೋಡ್ಲಿ ಅದನ್ನ?" ಎಂದರು, ನೋಡಲಿಲ್ಲ. ಆಮೇಲೆ ಅವರೇ ಹೇಳಿದರು: "ಆಸ್ಪತ್ರೆಯಿಂದ ಬಂದ ದಿನವೇ ಗೊತ್ತಾಯ್ತು. ಕೋಟಿನ ಜೇಬಲ್ಲಿ ಮೂರು ಹಳದಿ ಇಟ್ಕೊಂಡಿದ್ದೆ. ಎರಡೇ ಉಳಿದಿತ್ತು."

"ಹತ್ತೊಂಬತ್ತು ವರ್ಷ ಆಯ್ತು."

"ನಿನ್ನಂಥ ಕೈ ಇನ್ನೆಲ್ಲಿ ಸಿಗುತ್ತೆ? ಹೇಳಿದ್ರೆ ನೀನು ಇರ್ತಿದ್ಯಾ?"

"ಇರು ಅಂತ ಕೇಳಿದ್ರೆ ಇರ್ತಿದ್ದೆ," ಎಂದರು ಮಾವ.

ಯಜಮಾನರು ಬೀಗ ತೆಗೆದರು. ಮಾವ ಡಬ್ಬಿ ಎತ್ತಿಕೊಂಡು ಮೂರು ಮೆಟ್ಟಿಲು ಹತ್ತಿ ನನ್ನ ಪಕ್ಕದಲ್ಲಿ ನಿಂತರು. ಹಿಂತಿರುಗಿ ನೋಡಿದರು. ಮೇಜಿನ ಮೇಲೆ ಗಿರಾಕಿಯೊಬ್ಬರ ಜೋಡುನಳಿಗೆಯ ಕೋವಿ ಬಿಚ್ಚಿ ಹರಡಿತ್ತು. ಅದರ ಸ್ಪ್ರಿಂಗುಗಳನ್ನು ಜೋಡಿಸಬಲ್ಲವರು ಆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಇದೊಂದು ಮುಗಿಸಿ ಹೊರಡ್ತೀನಿ," ಎಂದು ಮತ್ತೆ ಒಳಗಿಳಿದರು. "ಬೀಗ ಹಾಕಿ ಯಜಮಾನ್ರೇ. ನಿಯಮ ನಿಯಮಾನೇ."

ನಾನು ಮೆಟ್ಟಿಲ ಮೇಲೆಯೇ ಕುಳಿತೆ. ಐದಕ್ಕೆ ಹತ್ತು ನಿಮಿಷವಿರುವಾಗ ಅವರು ಜೋಡಿಸಿದ ಕೋವಿಯ ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಗೂಡಿನಲ್ಲಿಟ್ಟು, ಕರೆಗಂಟೆ ಒತ್ತಿದರು. ಯಜಮಾನರು ಬರಲು ತಡಮಾಡಿದರು. ಎಡಗೈಯ ಎರಡು ಬೆರಳಿನಲ್ಲಿ ಬೀಗ ನಿಲ್ಲದೆ ಜಾರುತ್ತಿತ್ತು. ಮಾವ ಸರಳಿನ ನಡುವೆ ಕೈ ತೂರಿಸಿ, ಅವರು ಬೀಗದಕೈ ತಿರುಗಿಸುವವರೆಗೆ ಅದನ್ನು ಹಿಡಿದುಕೊಂಡಿದ್ದರು.